ಬಸವನಹುಳು ಎಲ್ಲಿದೆ?

ಅಕ್ಕಂದಿರೇ, ನಮ್ಮ ರಾಮಸಮುದ್ರದ ಕಡೆ ಕೌದಿ ಎಲ್ಲರಿಗೂ ಗೊತ್ತು. ತುಂಡು ಅರಿವೆಯ ಕೌದಿಯಲ್ಲಿ ಹೂವಿಲ್ಲ, ಹಕ್ಕಿ ಇಲ್ಲ. ಬರೀ ಬಣ್ಣ, ಬರೀ ಆಕಾರ. ಆದರೂ ಚಂದ. ಇಂಥ ಚಿತ್ರಕ್ಕೆ ಅಮೂರ್ತ ಚಿತ್ರ ಎನ್ನುತ್ತಾರೆ.

ಹಾಸಿಗೆ ಹಿಡಿದವರಿಂದ ಏನಾಗುತ್ತದೆ ಎಂದು ಜನ ಕೇಳುತ್ತಾರೆ. ಫ್ರಾನ್ಸ್ ದೇಶದ ಚಿತ್ರಕಾರ ಹೆನ್ರಿ ಮತೀಸ್ ಅವರ ಕಥೆ ಕೇಳಿರಿ. 1941ರಲ್ಲಿ, 71ನೇ ವಯಸ್ಸಿಗೆ, ಅವರಿಗೆ ಹೊಟ್ಟೆಯ ಆಪರೇಷನ್ ಆಯಿತು. ಮುಂದೆ ಹಾಸಿಗೆ, ಗಾಲಿಕುರ್ಚಿಯೇ ಹೆಚ್ಚು. ಅವರು ಕತ್ತರಿ ಹಿಡಿದರು. ಸಹಾಯಕರು ಹಾಳೆಗೆ ಬಣ್ಣ ಬಳಿದರು. ಇವರು ಕತ್ತರಿಸಿ, ಎಲ್ಲಿ ಹಚ್ಚಬೇಕೆಂದು ಹೇಳಿದರು.

ಒಮ್ಮೆ ಬಸವನಹುಳುವನ್ನು ನೋಡಿ ನೋಡಿ ಚಿತ್ರ ಬರೆದರು. ಚಿಪ್ಪಿನ ಸುತ್ತು ಮನಸ್ಸಿನಲ್ಲಿ ಉಳಿಯಿತು. 1953ರಲ್ಲಿ ಬಣ್ಣದ ತುಂಡುಗಳನ್ನು ಹಾಗೇ ಸುತ್ತಾಗಿ ಜೋಡಿಸಿದರು. ಅದರಲ್ಲಿ ಹುಳು ಕಾಣದು, ಸುತ್ತು ಕಾಣುತ್ತದೆ. 9 ಅಡಿಗೂ ದೊಡ್ಡದಾದ ಆ ಚಿತ್ರ ಲಂಡನ್ನಿನಲ್ಲಿದೆ.

ನಮ್ಮಲ್ಲೂ ಕೀಲುಬೇನೆ, ಸಕ್ಕರೆ ಬೇನೆಯವರು ಇದ್ದಾರೆ. ಗುಳಿಗೆ ಬಿಡಬೇಡಿರಿ. ಮಲಗಿದಲ್ಲೇ ನೋಡಿರಿ. ಬೆಳಕಿಂಡಿಯ ಬಿಸಿಲು, ಗೋಡೆಯ ಬಿರುಕು ಕಾಣುತ್ತವೆ. ಆ ಗೆರೆ, ಆ ಬಣ್ಣ ಕೌದಿಗೆ ಬರಲಿ. ಬೆರಳು ನೋವಾದರೆ ಮಗಳು ಹೊಲಿಯಲಿ. ಯಾವ ತುಂಡು ಎಲ್ಲಿ ಎಂದು ನೀವು ಹೇಳಿರಿ.