ಪೇಪರ್‌ನಲ್ಲಿ ಮೊದಲ ಹೆಸರು ಯಾರದ್ದು? ವಿದ್ಯಾರ್ಥಿಗಳಿಗಂತಲೇ ಇರುವ ಪೆಲ್ಲಾಸ್-ರೈಡರ್ ಪ್ರಶಸ್ತಿ

ಗ್ರಹ ವಿಜ್ಞಾನ ಅಂದ ತಕ್ಷಣ ನೆನಪಾಗೋದು ರಾಕೆಟ್, ಲ್ಯಾಂಡರ್, ಕಂಟ್ರೋಲ್ ರೂಮಿನ ಚಪ್ಪಾಳೆ. ಆದರೆ ಚಪ್ಪಾಳೆ ನಿಂತ ಮೇಲೆ, ಬಂದ ಡೇಟಾವನ್ನು ತಿಂಗಳುಗಟ್ಟಲೆ ಕೂತು ಲೆಕ್ಕ ಹಾಕೋರಲ್ಲಿ ವಿದ್ಯಾರ್ಥಿಗಳೂ ಇರ್ತಾರೆ. ಅಂಥವರಿಗಂತಲೇ ಇರುವ ಒಂದು ಪ್ರಶಸ್ತಿ ಬಗ್ಗೆ ಇವತ್ತು ಹೇಳ್ತೀನಿ.

ಹೆಸರು ಪೆಲ್ಲಾಸ್-ರೈಡರ್ ಪ್ರಶಸ್ತಿ. ಉಲ್ಕಾಶಿಲೆಗಳನ್ನು ಅಧ್ಯಯನ ಮಾಡುವವರ ಅಂತರರಾಷ್ಟ್ರೀಯ ಸಂಘವಾದ ಮೀಟಿಯೊರಿಟಿಕಲ್ ಸೊಸೈಟಿ ಮತ್ತು ಜಿಯಾಲಾಜಿಕಲ್ ಸೊಸೈಟಿ ಆಫ್ ಅಮೆರಿಕದ ಗ್ರಹ ಭೂವಿಜ್ಞಾನ ವಿಭಾಗ ಸೇರಿ ಇದನ್ನು ಕೊಡುತ್ತವೆ. ಪಾಲ್ ಪೆಲ್ಲಾಸ್ ಫ್ರಾನ್ಸಿನ ಉಲ್ಕಾಶಿಲೆ ತಜ್ಞ. ಗ್ರಹಾಂ ರೈಡರ್, ಅಪೊಲೊ ಯಾನಿಗಳು ತಂದ ಚಂದ್ರನ ಕಲ್ಲುಗಳಿಂದ ಚಂದ್ರನ ಹಳೇ ಕಥೆ ಹುಡುಕಿದವರು. ಇಬ್ಬರೂ ಈಗಿಲ್ಲ, ಪ್ರಶಸ್ತಿ ಅವರ ನೆನಪಿಗೆ.

ನಿಯಮ ಸರಳ. ಡಿಗ್ರಿ ಓದ್ತಿರಲಿ, ಪಿಎಚ್‌ಡಿ ಮಾಡ್ತಿರಲಿ, ಬರೆದವರು ವಿದ್ಯಾರ್ಥಿಯಾಗಿರಬೇಕು. ಪೇಪರ್, ಬೇರೆ ತಜ್ಞರು ಪರಿಶೀಲಿಸಿದ ಮೇಲಷ್ಟೇ ಪ್ರಕಟಿಸುವ ಜರ್ನಲ್‌ನಲ್ಲಿ ಬಂದಿರಬೇಕು. ಎಲ್ಲಕ್ಕಿಂತ ಮುಖ್ಯ, ಲೇಖಕರ ಪಟ್ಟಿಯಲ್ಲಿ ಆ ವಿದ್ಯಾರ್ಥಿಯದ್ದೇ ಮೊದಲ ಹೆಸರಾಗಿರಬೇಕು.

ಮೊದಲ ಹೆಸರಿಗೆ ಯಾಕಿಷ್ಟು ಬೆಲೆ? ಈ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಹೆಚ್ಚು ಕೆಲಸ ಮಾಡಿ, ಪೇಪರ್ ಬರೆದವರ ಹೆಸರು ಮೊದಲು ಬರುತ್ತೆ. ಆಮೇಲೆ ಬೇರೆಯವರು ಅದನ್ನು ಉಲ್ಲೇಖಿಸುವಾಗ ‘ಇಂಥವರು ಮತ್ತು ಇತರರು’ ಅಂತಷ್ಟೇ ಬರೀತಾರೆ. ಹತ್ತು ಜನ ದುಡಿದಿದ್ರೂ ಒಂಬತ್ತು ಜನ ‘ಇತರರು’. ಲ್ಯಾಬ್‌ನಲ್ಲಿ ರಾತ್ರಿ ಕೂತು ಅಳತೆ ಮಾಡಿದ ಹುಡುಗಿ ಆ ‘ಇತರರಲ್ಲಿ’ ಕಳೆದುಹೋದ್ರೆ, ಮುಂದೆ ಫೆಲೋಶಿಪ್‌ಗೆ, ಕೆಲಸಕ್ಕೆ ಅರ್ಜಿ ಹಾಕಿದಾಗ ಅವಳ ಶ್ರಮ ಕಾಣೋದೇ ಕಷ್ಟ. ಈ ಪ್ರಶಸ್ತಿ ನೋಡೋದು ಮೊದಲ ಸಾಲಿನಲ್ಲಿ ನಿಂತ ವಿದ್ಯಾರ್ಥಿಯನ್ನೇ.

ಇದೇ ಕ್ಷೇತ್ರದಲ್ಲಿ 1991ರಿಂದ ಡ್ವಾರ್ನಿಕ್ ಪ್ರಶಸ್ತಿ ಅಂತ ಇನ್ನೊಂದಿದೆ. ಅದು ಟೆಕ್ಸಾಸ್‌ನಲ್ಲಿ ನಡೆಯುವ ಚಂದ್ರ-ಗ್ರಹ ವಿಜ್ಞಾನ ಸಮ್ಮೇಳನದಲ್ಲಿ ವಿದ್ಯಾರ್ಥಿಗಳು ಕೊಡುವ ಭಾಷಣ ಮತ್ತು ಪೋಸ್ಟರ್‌ಗಳಿಗೆ. ಆದರೆ ಅಮೆರಿಕದ ಪ್ರಜೆಗಳಿಗೆ ಮಾತ್ರ. ಪೆಲ್ಲಾಸ್-ರೈಡರ್ ನೋಡೋದು ಪ್ರಕಟವಾದ ಪೇಪರ್ ಅನ್ನು.

‘ನಮ್ಮ ಹತ್ರ ಚಂದ್ರನ ಕಲ್ಲೆಲ್ಲಿದೆ?’ ಅಂತೀರಾ? ಕಲ್ಲೇ ಬೇಕಂತಿಲ್ಲ. ಚಂದ್ರಯಾನ-2ರ ಡೇಟಾವನ್ನು ಇಸ್ರೋ ‘ಪ್ರದಾನ್’ ಪೋರ್ಟಲ್‌ನಲ್ಲಿ ಉಚಿತವಾಗಿ ಇಟ್ಟಿದೆ. ಅದನ್ನು ನೋಡಿಕೊಳ್ಳೋ ಕೇಂದ್ರ ಇರೋದು ಬೆಂಗಳೂರಿನ ಪಕ್ಕದ ಬ್ಯಾಲಾಳುವಿನಲ್ಲೇ. ಹೆಸರು ನೋಂದಾಯಿಸಿದ್ರೆ ಸಾಕು, ಡೌನ್‌ಲೋಡ್ ಮಾಡ್ಕೋಬಹುದು. ಒಂದು ಲ್ಯಾಪ್‌ಟಾಪ್, ಒಂದು ಒಳ್ಳೇ ಪ್ರಶ್ನೆ, ದಾರಿ ತೋರಿಸೋ ಗೈಡ್ ಇದ್ರೆ ಕೆಲಸ ಶುರು ಮಾಡಬಹುದು.

ಶುರು ಮಾಡೋ ದಿನವೇ ಗೈಡ್ ಹತ್ರ ಸಂಕೋಚ ಬಿಟ್ಟು ಕೇಳಿ: ‘ಸರ್, ಮೇಡಂ, ಪೇಪರ್ ಬಂದ್ರೆ ಹೆಸರುಗಳ ಕ್ರಮ ಹೇಗಿರುತ್ತೆ?’ ಕೇಳೋದು ಉದ್ಧಟತನ ಅಲ್ಲ. ಕೆಲಸ ಮುಗಿದ ಮೇಲೆ ಕೇಳೋದಕ್ಕಿಂತ ಇದೇ ಇಬ್ಬರಿಗೂ ಒಳ್ಳೇದು.