ಮೃತ್ಯುಕಣಿವೆ: ಮೇಲಿನಿಂದೊಂದು ನೋಟ

ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯ ಪ್ರಾಂತದಲ್ಲಿ ‘ಡೆತ್ ವ್ಯಾಲಿ’, ಎಂದರೆ ಮೃತ್ಯುಕಣಿವೆ, ಎಂಬ ಮರುಭೂಮಿಯಿದೆ. 1994ರಿಂದ ಅದೊಂದು ರಾಷ್ಟ್ರೀಯ ಉದ್ಯಾನ. ಅದರ ಪೂರ್ವದ ಬೆಟ್ಟಸಾಲಿನ ಮೇಲೆ ‘ದಾಂತೆಯ ನೋಟ’ ಎಂಬ ಪ್ರೇಕ್ಷಣೀಯ ಸ್ಥಳವುಂಟು. ನರಕವನ್ನು ವರ್ಣಿಸಿದ ಕವಿಯ ಹೆಸರು ಅದಕ್ಕೆ ತಕ್ಕುದೇ ಸರಿ. ಅಲ್ಲಿ ನಿಂತು ಬಗ್ಗಿ ನೋಡಿದರೆ ಉಪ್ಪಿನ ಬಯಲು ಹಾಲು ಚೆಲ್ಲಿದಂತೆ ಹರಡಿರುವುದು ಕಾಣುತ್ತದೆ. ಬೆಟ್ಟಗಳಿಂದಿಳಿದ ನೀರಿಗೆ ಹೊರಹೋಗಲು ದಾರಿಯಿಲ್ಲ. ಅದು ಆರಿಹೋಗಿ ಉಪ್ಪು ಮಾತ್ರ ಉಳಿಯುತ್ತದೆ. ಆ ಬಯಲಿನಲ್ಲಿರುವ ಬ್ಯಾಡ್‌ವಾಟರ್ ಎಂಬ ತಗ್ಗು ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿದೆ. ನೋಡುಗನು ನಿಂತ ನೆಲವೋ 1,669 ಮೀಟರ್ ಮೇಲಿದೆ.

ಮೇಲೆ ನಿಂತವನು ಸೂರ್ಯನಿಗೆ ತುಸು ಹತ್ತಿರ. ಆದರೂ ಅವನಿಗೇ ತಂಪು! ಕಣಿವೆಗಿಂತ ಅಲ್ಲಿ ಉಷ್ಣತೆಯು ಸಾಮಾನ್ಯವಾಗಿ ಸುಮಾರು 14 ಡಿಗ್ರಿ ಸೆಂಟಿಗ್ರೇಡ್ ಕಡಿಮೆ. ಇದೇಕೆ? ಸೂರ್ಯನ ದೂರ 15 ಕೋಟಿ ಕಿಲೋಮೀಟರ್. ಅದರಲ್ಲಿ ಒಂದೂಮುಕ್ಕಾಲು ಕಿಲೋಮೀಟರು ಯಾವ ಲೆಕ್ಕ? ಗಾಳಿಯನ್ನು ಕಾಯಿಸುವುದು ಮುಖ್ಯವಾಗಿ ನೆಲವೇ ಹೊರತು ನೇರವಾದ ಬಿಸಿಲಲ್ಲ. ಕಾದ ಗಾಳಿಯು ಮೇಲೇರಿದಂತೆ ಒತ್ತಡ ಕಡಿಮೆಯಾಗುವುದರಿಂದ ಅದು ಹಿಗ್ಗುತ್ತದೆ. ಹಿಗ್ಗುವ ಕೆಲಸಕ್ಕೆ ತನ್ನ ಶಕ್ತಿಯನ್ನೇ ವ್ಯಯಮಾಡಿ ತಣಿಯುತ್ತದೆ. ಒಣಗಾಳಿಯಾದರೆ ಕಿಲೋಮೀಟರಿಗೆ ಸುಮಾರು 9.8 ಡಿಗ್ರಿ. ಈ ಲೆಕ್ಕಕ್ಕೆ 17 ಡಿಗ್ರಿಯ ಅಂತರವಿರಬೇಕಷ್ಟೆ; ಆದರೆ ಬೆಟ್ಟದ ನೆಲವೂ ಬಿಸಿಲಿಗೆ ಕಾಯುವುದನ್ನು ಮರೆಯಬಾರದು. ಕೆಳಗಿಳಿಯುವ ಗಾಳಿಯ ಪಾಡು ಇದಕ್ಕೆ ವಿಲೋಮ. ಸೈಕಲ್ ಪಂಪಿನೊಳಗಿನ ಗಾಳಿಯಂತೆ ಅದು ಅದುಮಲ್ಪಟ್ಟು ಬಿಸಿಯಾಗುತ್ತದೆ. ಕಡಿದಾದ ಬೆಟ್ಟಗಳ ನಡುವೆ ಸಿಕ್ಕಿಕೊಂಡ ಗಾಳಿಯು ಹೀಗೆ ಏರಿ ಇಳಿದು ಮತ್ತೆ ಮತ್ತೆ ಕಾಯುವುದು. 1913ರಲ್ಲಿ ಇಲ್ಲಿ ದಾಖಲಾದ 56.7 ಡಿಗ್ರಿಯನ್ನು ಕೆಲವು ತಜ್ಞರು ಸಂದೇಹಿಸುತ್ತಾರೆ. 2020ರ ಆಗಸ್ಟ್‌ನಲ್ಲಿ 54.4 ಡಿಗ್ರಿ ದಾಖಲಾಯಿತು.

ಇದು ಪುಸ್ತಕದ ಲೆಕ್ಕವಷ್ಟೇ ಅಲ್ಲ. 2024ರ ಜುಲೈ 6ರಂದು ಬ್ಯಾಡ್‌ವಾಟರ್ ಬಳಿ ಮೋಟಾರ್‌ಸೈಕಲ್ ಸವಾರನೊಬ್ಬನು ಬಿಸಿಲಿನ ತಾಪದಿಂದ ಮಡಿದನು. ವೈದ್ಯಕೀಯ ಹೆಲಿಕಾಪ್ಟರ್ ಬರಲಾಗಲಿಲ್ಲ. ಉಷ್ಣತೆ 49 ಡಿಗ್ರಿ ಮೀರಿದರೆ ಅವು ಸಾಮಾನ್ಯವಾಗಿ ಸುರಕ್ಷಿತವಾಗಿ ಹಾರಲಾರವು. ಒತ್ತಡವೊಂದೇ ಆಗಿದ್ದರೆ, 50 ಡಿಗ್ರಿಯ ಗಾಳಿಯು 15 ಡಿಗ್ರಿಯ ಗಾಳಿಗಿಂತ ನೂರರಲ್ಲಿ ಸುಮಾರು 11 ಪಾಲು ತೆಳು. ರೆಕ್ಕೆಗೆ ಆನಿಕೆ ಅಷ್ಟು ಕಡಿಮೆ. ಎತ್ತರದ ಗಾಳಿ ಇನ್ನೂ ತೆಳುವಲ್ಲವೆ ಎಂದು ಜಾಣ ವಿದ್ಯಾರ್ಥಿಯು ಕೇಳಿಯಾನು. ನಿಜವೇ; ಆದರೆ ಎಂಜಿನ್ನಿಗೆ ಉಷ್ಣತೆಯ ಮಿತಿಯೂ ಬೇರೆ ಉಂಟು. ಅದೇ ತಿಂಗಳು, 50 ಡಿಗ್ರಿ ದಾಟಿದ ದಿನ, ಮರಳುದಿಣ್ಣೆಗಳಲ್ಲಿ ಅಂಗಾಲು ಸುಟ್ಟುಕೊಂಡ ಬೆಲ್ಜಿಯಂ ಪ್ರವಾಸಿಗನನ್ನು ಹೆಲಿಕಾಪ್ಟರ್ ಇಳಿಯಲಾಗದೆ ಮೊದಲು ನೆಲದ ಮೇಲೆಯೇ ಸುಮಾರು 900 ಮೀಟರ್ ಎತ್ತರಕ್ಕೆ ಒಯ್ದರು. ಅಲ್ಲಿ ಉಷ್ಣತೆ 43 ಡಿಗ್ರಿ. ಅಲ್ಲಿಂದ ಅವನನ್ನು ಆಕಾಶಮಾರ್ಗವಾಗಿ ಆಸ್ಪತ್ರೆಗೆ ಸಾಗಿಸಿದರು.