ದೂರದ ಸರ್ವರ್‌ನ ದಾರಿಪಟ್ಟಿ

ಅಂತರಜಾಲದಲ್ಲಿ ಮಾಹಿತಿ ಸಾಗುವುದು ಪುಟ್ಟ ಪ್ಯಾಕೆಟ್‌ಗಳಾಗಿ. ಪ್ರತಿ ಪ್ಯಾಕೆಟ್ ತಲುಪಬೇಕಾದ ವಿಳಾಸವನ್ನು ಹೊತ್ತಿರುತ್ತದೆ, ಸಾಗಬೇಕಾದ ದಾರಿಯನ್ನಲ್ಲ. ನಡುವೆ ಸಿಗುವ ಒಂದೊಂದು ಯಂತ್ರವೂ ತನ್ನ ರೂಟಿಂಗ್ ಪಟ್ಟಿಯನ್ನು ನೋಡಿ ಮುಂದಿನ ಒಂದು ಹೆಜ್ಜೆಯನ್ನಷ್ಟೇ ನಿರ್ಧರಿಸುತ್ತದೆ. ಇಂಥ ಪಟ್ಟಿ ರೂಟರ್‌ಗಳಲ್ಲಿ ಮಾತ್ರವಲ್ಲ, ಪ್ರತಿಯೊಂದು ಸರ್ವರ್‌ನಲ್ಲೂ ಇದೆ. ಸರ್ವರ್ ಡೇಟಾ ಸೆಂಟರ್‌ನಲ್ಲಿದ್ದರೆ ಅದನ್ನು ನೋಡಿಕೊಳ್ಳುವವರು ಬೇರೆ ಊರಿನಲ್ಲೋ ಬೇರೆ ದೇಶದಲ್ಲೋ ಕುಳಿತು ಟರ್ಮಿನಲ್‌ನಲ್ಲಿ ಕಮಾಂಡ್ ಟೈಪ್ ಮಾಡಿ ಪಟ್ಟಿಯನ್ನು ತಿದ್ದುತ್ತಾರೆ.

ಈ ದೂರಸಂಪರ್ಕಕ್ಕೆ ಬಳಕೆಯಾಗುವುದು ಎಸ್‌ಎಸ್‌ಎಚ್. ಫಿನ್‌ಲೆಂಡಿನ ಹೆಲ್ಸಿಂಕಿ ತಂತ್ರಜ್ಞಾನ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್‌ಗಳ ಕಳವು ನಡೆದ ಬಳಿಕ, ಅಲ್ಲಿನ ಟಾಟು ಯ್ಲೋನೆನ್ 1995ರಲ್ಲಿ ಇದನ್ನು ರೂಪಿಸಿದರು. ಟೈಪ್ ಮಾಡಿದ್ದೆಲ್ಲ ಗೂಢಲಿಪಿಯಾಗಿ ಸಾಗುವುದರಿಂದ ನಡುವೆ ಕದ್ದು ನೋಡಿದವರಿಗೆ ಏನೂ ತಿಳಿಯದು. ಲಿನಕ್ಸ್ ಸರ್ವರ್ ಒಳಗೆ ರೂಟಿಂಗ್ ಕೆಲಸಕ್ಕೆ ಈಗ ‘ಐಪಿ’ ಎಂಬ ಕಮಾಂಡ್ ಇದೆ. ಹಳೆಯ ‘ಇಫ್‌ಕಾನ್ಫಿಗ್’ ಮತ್ತು ‘ರೂಟ್’ ಕಮಾಂಡ್‌ಗಳ ಜಾಗವನ್ನು ಅದು ತುಂಬಿದೆ.

ಮೊದಲ ಕೆಲಸ ಪಟ್ಟಿಯನ್ನು ಓದುವುದು. ‘ಐಪಿ ರೂಟ್ ಶೋ’ ಎಂದರೆ ಪಟ್ಟಿ ತೆರೆದುಕೊಳ್ಳುತ್ತದೆ. ಯಾವ ವಿಳಾಸಗಳ ಗುಂಪಿಗೆ ಯಾವ ಗೇಟ್‌ವೇ (ಮುಂದಿನ ರೂಟರ್), ಯಾವ ನೆಟ್‌ವರ್ಕ್ ಕಾರ್ಡ್ ಎಂಬುದು ಸಾಲುಸಾಲಾಗಿ ಕಾಣುತ್ತದೆ. 10.0.0.0/8 ಎಂದರೆ ಮೊದಲ 8 ಬಿಟ್‌ಗಳು ಹೊಂದುವ ವಿಳಾಸಗಳೆಲ್ಲ, 10.20.0.0/16 ಎಂದರೆ ಮೊದಲ 16 ಬಿಟ್ ಹೊಂದುವಂಥವು. 10.20.5.7ಕ್ಕೆ ಹೊರಟ ಪ್ಯಾಕೆಟ್‌ಗೆ ಎರಡು ಸಾಲೂ ಹೊಂದುತ್ತವೆ. ಆಗ ಹೆಚ್ಚು ಬಿಟ್ ಹೊಂದುವ ಸಾಲೇ ಗೆಲ್ಲುತ್ತದೆ. ಯಾವುದೂ ಹೊಂದದಿದ್ದರೆ ಡಿಫಾಲ್ಟ್ ದಾರಿ, ಅಂದರೆ 0.0.0.0/0, ಕೈಹಿಡಿಯುತ್ತದೆ.

ಪಟ್ಟಿ ಉದ್ದವಾಗಿದ್ದಾಗ ‘ಐಪಿ ರೂಟ್ ಗೆಟ್’ ಎಂದು ಬರೆದು ಮುಂದೆ ಒಂದು ವಿಳಾಸ ಕೊಟ್ಟರೆ ಸಾಕು. ಒಂದೂ ಪ್ಯಾಕೆಟ್ ಕಳಿಸದೆ, ಯಾವ ದಾರಿ ಆಯ್ಕೆಯಾಗುತ್ತದೆಂದು ಲಿನಕ್ಸ್‌ನ ತಿರುಳಾದ ಕರ್ನೆಲ್ ಹೇಳಿಬಿಡುತ್ತದೆ. ಗುರಿ ನಿಜಕ್ಕೂ ಉತ್ತರಿಸುತ್ತದೆಯೇ ಎಂದು ತಿಳಿಯಲು, 1983ರಲ್ಲಿ ಅಮೆರಿಕದ ಮೈಕ್ ಮೂಸ್ ಬರೆದ ‘ಪಿಂಗ್’ ಇದೆ. ನಡುವಿನ ನಿಲುಗಡೆಗಳನ್ನು ತೋರಿಸುವುದು ‘ಟ್ರೇಸ್‌ರೂಟ್’. ಪ್ರತಿ ಪ್ಯಾಕೆಟ್‌ನಲ್ಲೂ ಆಯಸ್ಸಿನ ಅಂಕಿಯೊಂದಿದ್ದು, ಪ್ರತಿ ರೂಟರ್ ಅದನ್ನು ಒಂದರಂತೆ ಇಳಿಸುತ್ತದೆ. ಸೊನ್ನೆಯಾದಾಗ ಪ್ಯಾಕೆಟ್ಟನ್ನು ಬಿಸಾಡಿ ಕಳಿಸಿದವರಿಗೆ ಸುದ್ದಿ ಮುಟ್ಟಿಸುತ್ತದೆ. ಟ್ರೇಸ್‌ರೂಟ್ ಆಯಸ್ಸನ್ನು 1, 2, 3 ಎಂದು ಏರಿಸುತ್ತ ಹೋಗಿ, ಸುದ್ದಿ ಕೊಟ್ಟ ರೂಟರ್‌ಗಳನ್ನು ಕ್ರಮವಾಗಿ ಪಟ್ಟಿ ಮಾಡುತ್ತದೆ.

ಸಾಲು ಸೇರಿಸಲು ‘ಐಪಿ ರೂಟ್ ಆಡ್’, ತೆಗೆಯಲು ‘ಡೆಲ್’, ಬದಲಿಸಲು ‘ರಿಪ್ಲೇಸ್’. ಡಿಫಾಲ್ಟ್ ದಾರಿಯನ್ನು ಅಳಿಸಿ ಮತ್ತೆ ಸೇರಿಸುವುದಕ್ಕಿಂತ ‘ರಿಪ್ಲೇಸ್’ ಮಾಡುವುದೇ ಕ್ಷೇಮ. ಅಳಿಸಿದ ಕ್ಷಣದಿಂದ ಸರ್ವರ್‌ನ ಉತ್ತರ ಆಡಳಿತಗಾರರಿಗೆ ತಲುಪುವುದಿಲ್ಲ. ಎರಡನೇ ಕಮಾಂಡ್ ಟೈಪ್ ಮಾಡಲು ಸಂಪರ್ಕವೇ ಉಳಿದಿರುವುದಿಲ್ಲ. ಎಸ್‌ಎಸ್‌ಎಚ್ ಸಂಪರ್ಕವೂ ಇದೇ ಪಟ್ಟಿಯನ್ನು ನಂಬಿರುವುದರಿಂದ, ಅವಸರದ ತಿದ್ದುಪಡಿ ಎಂದರೆ ಕೂತ ಕೊಂಬೆಯನ್ನೇ ಕಡಿದಂತೆ.

ಎರಡು ಕಾರ್ಡ್‌ಗಳಿರುವ ಸರ್ವರ್‌ನಲ್ಲಿ ತೊಡಕು ಇನ್ನೊಂದು ಬಗೆಯದು. ಒಂದು ಕಾರ್ಡ್‌ಗೆ ಬಂದ ಕೋರಿಕೆಗೆ ಉತ್ತರ ಇನ್ನೊಂದರಿಂದ ಹೊರಟರೆ ನಡುವಿನ ಫೈರ್‌ವಾಲ್ ಅದನ್ನು ತಡೆಯಬಹುದು. ‘ಐಪಿ ರೂಲ್’ ಬಳಸಿ, ಇಂಥ ವಿಳಾಸದಿಂದ ಹೊರಡುವ ಪ್ಯಾಕೆಟ್‌ಗೆ ಇಂಥದೇ ಪಟ್ಟಿ ಎಂದು ನಿಯಮ ಮಾಡಿದರೆ ಬಂದ ದಾರಿಯಲ್ಲೇ ಉತ್ತರವೂ ಹೋಗುತ್ತದೆ.

ಜಾಲದ ಕಮಾಂಡ್ ತಪ್ಪಿದರೆ ಏನಾಗುತ್ತದೆಂಬುದನ್ನು 2021ರ ಅಕ್ಟೋಬರ್ 4 ಜಗತ್ತಿಗೆ ತೋರಿಸಿತು. ಫೇಸ್‌ಬುಕ್‌ನ ನಿರ್ವಹಣಾ ಕೆಲಸದ ವೇಳೆ ಕೊಟ್ಟ ಒಂದು ಕಮಾಂಡ್ ಅದರ ಡೇಟಾ ಸೆಂಟರ್‌ಗಳ ನಡುವಿನ ಬೆನ್ನೆಲುಬಿನ ಜಾಲವನ್ನೇ ಕಡಿದುಹಾಕಿತು. ಇಂಥ ಕಮಾಂಡ್‌ಗಳನ್ನು ತಡೆಯಬೇಕಿದ್ದ ತಂತ್ರಾಂಶದಲ್ಲೂ ದೋಷವಿತ್ತು. ಜಾಲ ಕಡಿದದ್ದರಿಂದ, ಹೆಸರಿಗೆ ವಿಳಾಸ ಹುಡುಕಿಕೊಡುವ ಫೇಸ್‌ಬುಕ್‌ನ ಡಿಎನ್‌ಎಸ್ ಸರ್ವರ್‌ಗಳು ತಮ್ಮ ರೂಟಿಂಗ್ ಘೋಷಣೆಗಳನ್ನು ಹಿಂತೆಗೆದುಕೊಂಡವು. ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಮ್ ಸೇರಿ ಎಲ್ಲವೂ ಸುಮಾರು ಆರು ಗಂಟೆ ನಿಂತವು. ದೂರದಿಂದ ಒಳಹೋಗುವ ಬದಲಿ ಸಂಪರ್ಕವೂ ಬಿದ್ದಿದ್ದರಿಂದ ಎಂಜಿನಿಯರ್‌ಗಳು ಡೇಟಾ ಸೆಂಟರ್‌ಗಳಿಗೇ ಹೋಗಬೇಕಾಯಿತು.

ಹಾಗಾಗಿ ಅನುಭವಿಗಳು ಹಿಂದಿರುಗುವ ದಾರಿಯನ್ನು ಮೊದಲೇ ಕಾಯ್ದಿಡುತ್ತಾರೆ. ತಮ್ಮ ಕಂಪ್ಯೂಟರಿನ ವಿಳಾಸಕ್ಕೆ /32ರ ಸಾಲೊಂದನ್ನು ಈಗಿನ ಗೇಟ್‌ವೇ ಮೂಲಕವೇ ಸೇರಿಸುತ್ತಾರೆ. ಅತಿ ಹೆಚ್ಚು ಬಿಟ್ ಹೊಂದುವ ಸಾಲಾದ್ದರಿಂದ ಡಿಫಾಲ್ಟ್ ಬದಲಾದರೂ ಅದು ಕದಲದು. ಐದು ನಿಮಿಷದ ನಂತರ ಹಳೆಯ ಸ್ಥಿತಿ ಮರಳುವಂತೆ ಕಮಾಂಡ್ ಒಂದನ್ನು ನಿಗದಿಪಡಿಸಿ, ಎಲ್ಲ ಸರಿಯಿದ್ದರೆ ಅದನ್ನು ರದ್ದುಮಾಡುತ್ತಾರೆ. ಉಬುಂಟುವಿನ ‘ನೆಟ್‌ಪ್ಲಾನ್ ಟ್ರೈ’ ಇದನ್ನೇ ಮಾಡುತ್ತದೆ: 120 ಸೆಕೆಂಡಿನೊಳಗೆ ಒಪ್ಪಿಗೆ ಸಿಗದಿದ್ದರೆ ಬದಲಾವಣೆಯನ್ನು ಹಿಂತೆಗೆದುಕೊಳ್ಳುತ್ತದೆ.

‘ಐಪಿ’ ಕಮಾಂಡ್ ಮಾಡುವ ಬದಲಾವಣೆ ಕರ್ನೆಲ್‌ನ ನೆನಪಿನಲ್ಲಷ್ಟೇ ಇರುತ್ತದೆ; ಸರ್ವರ್ ರೀಬೂಟ್ ಆದರೆ ಅಳಿಸಿಹೋಗುತ್ತದೆ. ಈ ಗುಣವೂ ಒಂದು ರಕ್ಷಣೆಯೇ. ಸಂಪರ್ಕ ತಪ್ಪಿದರೂ ಹೋಸ್ಟಿಂಗ್ ಸಂಸ್ಥೆಯ ಕನ್ಸೋಲ್‌ನಿಂದ ರೀಬೂಟ್ ಮಾಡಿ ಹಳೆಯ ಪಟ್ಟಿಯನ್ನು ಮರಳಿ ಪಡೆಯಬಹುದು. ಆದ್ದರಿಂದ ಹೊಸ ದಾರಿಯನ್ನು ಪಿಂಗ್ ಮತ್ತು ಟ್ರೇಸ್‌ರೂಟ್‌ನಿಂದ ಪರೀಕ್ಷಿಸಿ, ಇನ್ನೊಂದು ಎಸ್‌ಎಸ್‌ಎಚ್ ಸಂಪರ್ಕ ತೆರೆದು ಖಚಿತಪಡಿಸಿಕೊಂಡ ಮೇಲಷ್ಟೇ ಅದನ್ನು ಸಂರಚನಾ ಕಡತಕ್ಕೆ ಬರೆಯಬೇಕು.